ಮೋಶೆಯು ಹಿಂದೆಗೆದದ್ದು

ಓದತಕ್ಕ ಭಾಗ: ವಿಮೋಚನಕಾಂಡ 3:1ರಿಂದ 4:17ರ ವರೆಗೆ

ಪ್ರಿಯರೇ, ನಮ್ಮ ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಗಳಲ್ಲಿ ಹೆಗಲ ಮೇಲೆ ಕಂಬಳಿ ಹಾಕಿ, ಕೈಯಲ್ಲಿ ಕೋಲು ಹಿಡಿದು ಕುರಿಹಿಂಡಿನ ಹಿಂದೆ ಹೋಗುವವರನ್ನು ನೀವು ಕಂಡಿದ್ದೀರಿ. ಮಿದ್ಯಾನ ದೇಶದಲ್ಲಿ ಮಾವನ ಕುರಿಗಳನ್ನು ಮೇಯಿಸುತ್ತಿದ್ದ ಮೋಶೆಯನ್ನೂ ಹಾಗೆಯೇ ಭಾವಿಸಿಕೊಳ್ಳಿರಿ. ಆಗ ಅವನಿಗೆ ಸುಮಾರು 80 ವರುಷ. ಹೋರೇಬ್ ಬೆಟ್ಟದ ಬಳಿಯಲ್ಲಿ, ಉರಿದರೂ ಸುಟ್ಟುಹೋಗದ ಪೊದೆಯೊಳಗಿಂದ ದೇವರು ಅವನನ್ನು ಹೆಸರು ಹಿಡಿದು ಕರೆದು, ಐಗುಪ್ತದಲ್ಲಿ ಬಿಟ್ಟಿ ಕೆಲಸದಿಂದ ನರಳುವ ಜನರನ್ನು ಬಿಡಿಸುವದಕ್ಕೆ ಫರೋಹನ ಬಳಿಗೆ ಹೋಗೆಂದು ಅಪ್ಪಣೆಕೊಟ್ಟನು.

ಇಂಥಾ ಕಾರ್ಯಕ್ಕೆ ತಾನು ತಕ್ಕವನಲ್ಲವೆಂಬದೇ ಅವನ ಮೊದಲನೆಯ ಮಾತು. ಇದನ್ನು ಬರೀ ದೀನತೆಯೆಂದು ನೆನಸಬಾರದು. 40 ವರುಷಗಳ ಹಿಂದೆ, ಜಗಳವಾಡುತ್ತಿದ್ದ ಇಬ್ಬರು ಇಬ್ರಿಯರನ್ನು ಸಮಾಧಾನಪಡಿಸಲು ಅವನು ಹೋದಾಗ, ನಮ್ಮ ಮೇಲೆ ನಿನಗೇನು ಅಧಿಕಾರವೆಂದು ಅವರಲ್ಲಿ ಒಬ್ಬನು ಕೇಳಿ, ಅವನು ಮಾಡಿದ್ದ ಕೊಲೆಯನ್ನೂ ಬಯಲಿಗೆಳೆದನು. ಅಂದು ಓಡಿಬಂದವನು ಇವನು. ಒಮ್ಮೆ ಅವಮಾನಪಟ್ಟು ಊರುಬಿಟ್ಟವನಿಗೆ ಅದೇ ಊರಿನ ಚಾವಡಿಯಲ್ಲಿ ತಿರಿಗಿ ನಿಂತು ಮಾತಾಡುವದು ಎಷ್ಟು ಕಷ್ಟವೆಂಬದು ಹಳ್ಳಿಯವರಾದ ನಮಗೆ ತಿಳಿಯದೇ?

ಬಳಿಕ ದೇವರ ಹೆಸರೇನೆಂದು ಕೇಳಿದನು, ಜನರು ನಂಬುವದಿಲ್ಲವೆಂದನು. ಒಂದೊಂದಕ್ಕೂ ತಾಳ್ಮೆಯ ಉತ್ತರ ದೊರೆಯಿತು. ಕೈಯಲ್ಲಿದ್ದ ಕೋಲು ಹಾವಾದಾಗ ಅದರ ಬಾಲವನ್ನು ಹಿಡಿಯೆಂದು ಅಪ್ಪಣೆಯಾಯಿತು. ಬಾಲ ಹಿಡಿದರೆ ಹಾವು ತಿರುಗಿ ಕಚ್ಚುವದೆಂದು ಕುರಿಕಾಯುವವನಿಗೆ ಗೊತ್ತಿರಲಿಲ್ಲವೇ? ಆದರೂ ಹಿಡಿದನು. ಇಷ್ಟು ಧೈರ್ಯವುಳ್ಳವನು ಫರೋಹನ ಮುಂದೆ ಮಾತಾಡುವದಕ್ಕೆ ಹೆದರಿ, ತನ್ನ ನಾಲಿಗೆ ಮಂದವೆಂದನು. ಸ್ತೆಫನನು ಅವನನ್ನು ಮಾತಿನಲ್ಲಿ ಸಮರ್ಥನೆಂದು ಹೇಳಿರುವದರಿಂದ (ಅಪೊಸ್ತಲರ ಕೃತ್ಯಗಳು 7:22) ಇದು ಸುಳ್ಳು ನೆವವೆಂದು ಯಾರಾದರೂ ಹೇಳಬಹುದು. ನನಗೆ ಹಾಗೆ ತೋರುವದಿಲ್ಲ. 40 ವರುಷ ಕುರಿಗಳೊಂದಿಗಿದ್ದವನಿಗೆ ಅರಮನೆಯ ಮಾತು ಮರೆತುಹೋಗಿದ್ದರೆ ಆಶ್ಚರ್ಯವೇನು? ದೇವರೂ ಅದನ್ನು ಸುಳ್ಳೆನ್ನಲಿಲ್ಲ. ಬಾಯನ್ನು ಉಂಟುಮಾಡಿದವನು ತಾನೇ ಎಂದು ನೆನಪುಕೊಟ್ಟು, ಹೇಳತಕ್ಕದ್ದನ್ನು ಕಲಿಸುವೆನೆಂದನು.

ಕಡೆಗೆ ಮೋಶೆಯು ಯಾವ ಕಾರಣವನ್ನೂ ಹೇಳದೆ, ಬೇರೊಬ್ಬನನ್ನು ಕಳುಹಿಸೆಂದು ಬೇಡಿಕೊಂಡನು. ದೇವರಿಗೆ ಕೋಪವುಂಟಾಯಿತೆಂದು ಬರೆದಿರುವದು ಇಲ್ಲಿಯೇ. ಇದಕ್ಕೆ ಮುಂಚೆ ಇಲ್ಲ. ಭಯಕ್ಕೂ ಸಂಶಯಕ್ಕೂ ಮಂದವಾದ ನಾಲಿಗೆಗೂ ಕೋಪಿಸಿಕೊಳ್ಳದಾತನು, ಮನಸ್ಸಿಲ್ಲದ್ದಕ್ಕೆ ಕೋಪಿಸಿಕೊಂಡನು. ಕೂಟದಲ್ಲಿ ಪ್ರಾರ್ಥನೆಮಾಡೆಂದಾಗ, ಅಕ್ಷರ ಬಾರದೆಂದು ತಲೆತಗ್ಗಿಸುವವರು ಈ ಭೇದವನ್ನು ಗಮನಿಸಲಿ.

ಆ ಕೋಪದಲ್ಲಿಯೂ ಆತನು ಸಹಾಯವನ್ನು ತಡೆಯಲಿಲ್ಲ. ಚೆನ್ನಾಗಿ ಮಾತಾಡಬಲ್ಲ ಅಣ್ಣನಾದ ಆರೋನನನ್ನು ಜೊತೆಗೆ ಕೊಟ್ಟನು. ಅವನು ಎದುರುಗೊಳ್ಳುವದಕ್ಕೆ ಹೊರಟು ಬರುತ್ತಿದ್ದಾನೆಂದೂ ತಿಳಿಸಿದನು. ಇತ್ತ ಮೋಶೆಯು ಮಾತುಮಾತಿಗೂ ಹಿಂದೆಗೆಯುತ್ತಿರಲು, ಅತ್ತ ಅವನಿಗಿಂತ ಮೂರು ವರುಷ ದೊಡ್ಡವನಾದ ಮುದುಕನು ತಮ್ಮನನ್ನು ಕಾಣುವ ಸಂತೋಷದಿಂದ ಅರಣ್ಯದ ದಾರಿ ಹಿಡಿದಿದ್ದನು.