ಪ್ರಾಸ್ಟೇಟ್ ಔಷಧಗಳೂ ಹಲ್ಲಿನ ಆರೈಕೆಯೂ

ಹಲ್ಲಿನ ವೈದ್ಯರು “ಯಾವ ಯಾವ ಔಷಧಗಳನ್ನು ಸೇವಿಸುತ್ತಿದ್ದೀರಿ?” ಎಂದು ಕೇಳಿದಾಗ, ವಯಸ್ಸಾದ ಗಂಡಸರು ರಕ್ತದ ಒತ್ತಡದ ಗುಳಿಗೆಯನ್ನೂ ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ಹೇಳಿ ಸುಮ್ಮನಾಗುವುದುಂಟು. ಪ್ರಾಸ್ಟೇಟ್ ಗ್ರಂಥಿಯ ಔಷಧವನ್ನು ಹೇಳಲು ಸಂಕೋಚ. ಹಲ್ಲಿಗೂ ಅದಕ್ಕೂ ಏನು ಸಂಬಂಧವೆಂಬ ಉದಾಸೀನ ಬೇರೆ. ಸಂಬಂಧವಿದೆ, ಅದು ಎಂತಹುದೆಂದು ನೋಡೋಣ.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ. ವಯಸ್ಸಾದಂತೆ ಅನೇಕರಲ್ಲಿ ಅದು ದಪ್ಪವಾಗಿ ನಾಳವನ್ನು ಅಮುಕುತ್ತದೆ. ಆಗ ಕೊಡುವ ಟ್ಯಾಮ್ಸುಲೋಸಿನ್, ಟೆರಜೋಸಿನ್ ಮೊದಲಾದ ಔಷಧಗಳು ಅಲ್ಲಿಯ ಸ್ನಾಯುಗಳನ್ನು ಸಡಿಲಿಸುತ್ತವೆ. ಆದರೆ ಔಷಧವು ರಕ್ತದೊಡನೆ ದೇಹವನ್ನೆಲ್ಲ ಸುತ್ತತಕ್ಕುದಷ್ಟೆ. ಆದುದರಿಂದ ರಕ್ತನಾಳಗಳ ಗೋಡೆಯ ಸ್ನಾಯುಗಳೂ ಸ್ವಲ್ಪಮಟ್ಟಿಗೆ ಸಡಿಲುತ್ತವೆ.

ಇದರ ಪರಿಣಾಮವನ್ನು ತಿಳಿಯಲು ಭೌತಶಾಸ್ತ್ರದ ಒಂದು ಲೆಕ್ಕ ಸಾಕು. ದಂತವೈದ್ಯರ ಕುರ್ಚಿಯಲ್ಲಿ ಮಲಗಿದಾಗ ಹೃದಯವೂ ಮೆದುಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಎದ್ದು ನಿಂತರೆ ಮೆದುಳು ಹೃದಯಕ್ಕಿಂತ ಸುಮಾರು ೩೦ ಸೆಂಟಿಮೀಟರ್ ಮೇಲಕ್ಕೇರುತ್ತದೆ. ಪಾದರಸದ ಸಾಂದ್ರತೆ ರಕ್ತದ ಸುಮಾರು ೧೩ರಷ್ಟು. ೩೦೦ ಮಿಲಿಮೀಟರನ್ನು ೧೩ರಿಂದ ಭಾಗಿಸಿದರೆ, ಮೆದುಳಿನ ಮಟ್ಟದಲ್ಲಿ ಒತ್ತಡವು ಸುಮಾರು ೨೩ ಮಿಲಿಮೀಟರ್ ಪಾದರಸದಷ್ಟು ತಗ್ಗುವುದೆಂದು ತಿಳಿಯುತ್ತದೆ. ಇದರ ಜೊತೆಗೆ ರಕ್ತವು ಕಾಲುಗಳಲ್ಲಿ ತಂಗತೊಡಗುತ್ತದೆ. ಆರೋಗ್ಯವಂತರಲ್ಲಿ ರಕ್ತನಾಳಗಳು ಕೂಡಲೇ ಬಿಗಿದುಕೊಂಡು ಈ ನಷ್ಟವನ್ನು ಸರಿದೂಗಿಸುತ್ತವೆ. ಈ ಔಷಧಗಳನ್ನು ಸೇವಿಸುವವರಲ್ಲಿ ಆ ಬಿಗಿತ ಮಂದವಾಗಬಹುದು; ಥಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ ಕವಿದು ಬೀಳುವ ಭಯವುಂಟು. ಕುರ್ಚಿಯನ್ನು ನಿಧಾನವಾಗಿ ನೆಟ್ಟಗೆ ಮಾಡಿಸಿ, ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕುಳಿತು, ಆಸರೆ ಹಿಡಿದು ಏಳುವುದೇ ಇದಕ್ಕೆ ಪರಿಹಾರ.

ಕೆಲವರಿಗೆ ಮೂತ್ರದ ಅವಸರವನ್ನು ತಗ್ಗಿಸಲು ಟಾಲ್ಟೆರೋಡಿನ್, ಸಾಲಿಫೆನಾಸಿನ್ ಮುಂತಾದವುಗಳನ್ನೂ ಕೊಡುವುದುಂಟು. ಇವು ಬಾಯನ್ನು ಒಣಗಿಸುತ್ತವೆ. ಜೊಲ್ಲು ಹಲ್ಲಿನ ಕಾವಲುಗಾರ; ಅದು ಆಮ್ಲವನ್ನು ಶಮನಗೊಳಿಸಿ, ಸವೆದ ಎನಾಮಲ್ಲಿಗೆ ಕ್ಯಾಲ್ಸಿಯಂ ಮರಳಿಸುತ್ತದೆ. ಅದು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ. ಬಾಯಿ ಒಣಗಿತೆಂದು ಸಕ್ಕರೆಯ ಪೆಪ್ಪರ್ಮಿಂಟು ಚೀಪುವುದು ಕೇಡನ್ನು ಹೆಚ್ಚಿಸುತ್ತದೆ. ಆಗಾಗ ನೀರು ಗುಟುಕರಿಸುವುದೂ ಫ್ಲೋರೈಡುಳ್ಳ ಪೇಸ್ಟಿನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದೂ ಮೇಲು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ಪ್ರಾಸ್ಟೇಟಿನ ಕ್ಯಾನ್ಸರಿನಲ್ಲಿ. ಗಂಡು ಹಾರ್ಮೋನನ್ನು ತಗ್ಗಿಸಿದರೆ ಈ ರೋಗ ಹಿಮ್ಮೆಟ್ಟುವುದೆಂದು ಷಿಕಾಗೋ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹಗಿನ್ಸ್ ೧೯೪೧ರಲ್ಲಿ ತೋರಿಸಿದರು. ೧೯೬೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಹಾರ್ಮೋನು ತಗ್ಗಿದರೆ ಮೂಳೆ ಸೊರಗುತ್ತದೆ. ಕ್ಯಾನ್ಸರ್ ಮೂಳೆಗೆ ಹರಡುವುದೂ ಉಂಟು. ಆಗ ಜೋಲೆಡ್ರಾನಿಕ್ ಆಮ್ಲ ಅಥವಾ ಡೆನೋಸುಮ್ಯಾಬ್ ಚುಚ್ಚುಮದ್ದನ್ನು ಕೊಡುತ್ತಾರೆ. ಇವು ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ತಡೆಯುತ್ತವೆ.

ಹಲ್ಲು ಕಿತ್ತ ಗುಳಿ ಮಾಯಬೇಕಾದರೆ ಹಳೆಯ ಮೂಳೆ ಕರಗಿ ಹೊಸದು ಬೆಳೆಯಬೇಕು. ಆ ಕಾರ್ಯವೇ ತಡೆಗೊಂಡಿದ್ದರೆ, ದವಡೆಯ ಮೂಳೆ ತೆರೆದುಕೊಂಡು ಎಂಟು ವಾರ ಕಳೆದರೂ ಗಾಯ ಮುಚ್ಚದಿರಬಹುದು. ವೈದ್ಯರು ೨೦೦೩ರಲ್ಲಿ ಮೊದಲು ವರದಿ ಮಾಡಿದ ಈ ತೊಂದರೆ ಎಲ್ಲರಿಗೂ ಬರತಕ್ಕುದಲ್ಲ. ಬಂದರೆ ವಾಸಿಮಾಡುವುದು ಕಷ್ಟ. ಜೋಲೆಡ್ರಾನಿಕ್ ಆಮ್ಲವು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಮದ್ದು ನಿಲ್ಲಿಸಿದ ಮಾತ್ರಕ್ಕೆ ಅಪಾಯ ನೀಗುವುದಿಲ್ಲ. ಆದಕಾರಣ ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಿ, ಗಾಯ ಮಾಯ್ದ ಮೇಲೆ ಚುಚ್ಚುಮದ್ದನ್ನು ಆರಂಭಿಸುವುದು ಸರಿಯಾದ ಕ್ರಮ. ಕಾಯಲು ಅವಕಾಶವಿದೆಯೇ ಎಂಬುದನ್ನು ಕ್ಯಾನ್ಸರ್ ವೈದ್ಯರೇ ನಿರ್ಧರಿಸಬೇಕು.

ಇದನ್ನೋದಿ ಯಾರೂ ತಮ್ಮಷ್ಟಕ್ಕೆ ತಾವೇ ಔಷಧವನ್ನು ನಿಲ್ಲಿಸಬಾರದು. ಮಾಡಬೇಕಾದುದು ಇಷ್ಟೆ: ಎಲ್ಲ ಗುಳಿಗೆಗಳ, ಚುಚ್ಚುಮದ್ದುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಹಲ್ಲಿನ ವೈದ್ಯರ ಕೈಗೆ ಕೊಡುವುದು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೂ ಚೀಟಿ ಕೊಡಲು ನಾಚಿಕೆಯೇಕೆ?