ಉಳಿಗಿಂತ ಮೊದಲು ಉಳಿಯ ಆಸರೆ

ಪ್ರಿಯ ತಮ್ಮ,

ಮನೆಗೆ ಮರ ಕಡೆಯುವ ಪುಟ್ಟ ಲೇತ್ ತಂದವರ ಮುಂದಿನ ಖರ್ಚು ಬಹುತೇಕ ಉಳಿಗಳ ಮೇಲೆಯೇ. ಪೆಟ್ಟಿಗೆ ತುಂಬ ಫಳಫಳ ಹೊಳೆಯುವ ಸೆಟ್ಟು ನೋಡಿದರೆ ಯಾರಿಗೆ ತಾನೇ ಆಸೆಯಾಗದು? ಆದರೆ ನಿನ್ನ ಹಣ ಮೊದಲು ಹೋಗಬೇಕಾದದ್ದು ಉಳಿಯನ್ನು ತಾಳುವ ಟೂಲ್ ರೆಸ್ಟಿಗೆ. ಉಳಿಯ ಹಿಡಿ, ಮರದ ತುಂಡನ್ನು ಕಚ್ಚಿ ಹಿಡಿಯುವ ಚಕ್ಕು ಆಮೇಲಿನ ಮಾತು.

ಲೇತ್ ಜೊತೆಗೆ ಬರುವ ರೆಸ್ಟ್ ಸಾಮಾನ್ಯವಾಗಿ ಬೀಡುಕಬ್ಬಿಣದ್ದು. ಹೈಸ್ಪೀಡ್ ಸ್ಟೀಲಿನ ಉಳಿ ಅದಕ್ಕಿಂತ ಗಟ್ಟಿ. ಉಳಿಯ ಮೂಲೆ ತಗಲಿದಲ್ಲೆಲ್ಲ ರೆಸ್ಟಿನ ನೆತ್ತಿಯಲ್ಲಿ ಸಣ್ಣ ಕಚ್ಚು ಬೀಳುತ್ತದೆ. ಸರಾಗವಾಗಿ ಜಾರಬೇಕಾದ ಉಳಿ ಅಲ್ಲಿ ಎಡವುತ್ತದೆ, ಆ ಎಡವು ಮರದ ಮೇಲೆ ಗೆರೆಯಾಗಿ ಮೂಡುತ್ತದೆ. ಹೊಸಬರು ಬೈದುಕೊಳ್ಳುವುದು ತಮ್ಮ ಕೈಯನ್ನು, ತಪ್ಪು ಕಬ್ಬಿಣದ್ದು. ಅರ ಹಾಕಿ ನೆತ್ತಿಯನ್ನು ನಯ ಮಾಡಿದರೆ ಸದ್ಯಕ್ಕೆ ಸಾಕು. ಹೊಸದನ್ನೇ ಕೊಳ್ಳುವುದಾದರೆ ನೆತ್ತಿಗೆ ಗಟ್ಟಿ ಉಕ್ಕಿನ ಸರಳು ಕೂರಿಸಿದ್ದನ್ನು ಕೊಳ್ಳಬೇಕು.

ಕೊಳ್ಳುವ ಮುನ್ನ ವರ್ನಿಯರ್ ಹಿಡಿದು ರೆಸ್ಟಿನ ಕಾಲು ಕೂರುವ ಬ್ಯಾಂಜೊದ ತೂತು ಅಳೆ. ರೆಸ್ಟಿನ ಕಾಲು ಲೇತಿನಿಂದ ಲೇತಿಗೆ ಬೇರೆ: 5/8 ಇಂಚು, 3/4 ಇಂಚು, 1 ಇಂಚು, ಯುರೋಪಿನ ಕೆಲವು ಯಂತ್ರಗಳಲ್ಲಿ 30 ಮಿ.ಮೀ. ಒಂದಿಂಚೂ 25 ಮಿ.ಮೀ.ಯೂ ಒಂದೇ ಅಂತ ಅಂಗಡಿಯವರು ಹೇಳಿಯಾರು. ಒಂದಿಂಚು ಎಂದರೆ 25.4 ಮಿ.ಮೀ. 25ರ ಕಾಲು ಒಂದಿಂಚಿನ ತೂತಿಗೆ ಇಳಿಯುತ್ತದೆ, ಒಂದಿಂಚಿನ ಕಾಲು 25ರ ತೂತಿಗೆ ಇಳಿಯುವುದಿಲ್ಲ. ಕಾಲಿನ ಉದ್ದವನ್ನೂ ನೋಡು: ಕಾಲು ಗಿಡ್ಡವಾದರೆ ರೆಸ್ಟ್ ಮರವನ್ನು ತಿರುಗಿಸುವ ಸ್ಪಿಂಡಲ್ಲಿನ ಮಟ್ಟಕ್ಕೇ ಏರುವುದಿಲ್ಲ. ಅಳತೆ ಕೊಟ್ಟರೆ ಬೆಂಗಳೂರಿನ ಪೀಣ್ಯದಂಥ ಕಡೆಯ ಸಣ್ಣ ವರ್ಕ್‌ಶಾಪಿನಲ್ಲೂ ರೆಸ್ಟನ್ನು ಮಾಡಿಸಿಕೊಳ್ಳಬಹುದು. ಕಂಬಿಗೆ ಕಾಲು ಬೆಸುಗೆ ಹಾಕುವ ಕೆಲಸ ಅಷ್ಟೆ.

ಬಟ್ಟಲು ಕಡೆಯುವ ಆಸೆ ಇದ್ದರೆ ಬಾಗಿದ ರೆಸ್ಟ್ ಒಂದು ಬೇಕೇ ಬೇಕು. ಲೆಕ್ಕ ನೋಡು. ಉಳಿಯ ಬಾಯಿ ರೆಸ್ಟಿನಿಂದ 25 ಮಿ.ಮೀ. ಮುಂದಿದ್ದು, ಹಿಡಿದ ಕೈ 300 ಮಿ.ಮೀ. ಹಿಂದಿದ್ದರೆ ಮರ ಒತ್ತುವ ಬಲದ ಹನ್ನೆರಡರಲ್ಲಿ ಒಂದು ಪಾಲನ್ನಷ್ಟೇ ಕೈ ತಡೆಯಬೇಕು. ನೇರ ರೆಸ್ಟಿನಲ್ಲಿ ಬಟ್ಟಲಿನೊಳಕ್ಕೆ 100 ಮಿ.ಮೀ. ಚಾಚಿದರೆ ಅದು ಮೂರರಲ್ಲಿ ಒಂದು ಪಾಲು, ಅಂದರೆ ನಾಲ್ಕು ಪಟ್ಟು. ಉಳಿ ಕಚ್ಚಿಕೊಂಡು ಕೈಯಿಂದ ಕಿತ್ತುಕೊಳ್ಳುವುದು ಇಂಥ ಹೊತ್ತಿನಲ್ಲೇ. ಬಾಗಿದ ರೆಸ್ಟ್ ಬಟ್ಟಲಿನೊಳಗೇ ಬಂದು ಆಸರೆ ಕೊಡುತ್ತದೆ.

ಉದ್ದ ಹಿಡಿಯೂ ಇದೇ ಲೆಕ್ಕದಿಂದ ಉಪಕಾರಿ. ಉಳಿ ಬದಲಿಸಬಹುದಾದ ಲೋಹದ ಹಿಡಿಗಳು ಬಂದಿವೆ. ಅವು ತೋಡುಳ್ಳ ದುಂಡು ಕಡ್ಡಿಯ ಉಳಿಗಳಾದ ಗೌಜ್‌ಗಳಿಗೆ ಅನುಕೂಲ, ಚಪ್ಪಟೆ ಸ್ಕ್ಯೂ ಉಳಿಗೆ ಒಗ್ಗವು. ಒಂದು ತೊಡಕಿದೆ: ಇಂಗ್ಲೆಂಡಿನವರು ಸಾಮಾನ್ಯವಾಗಿ ಗೌಜ್‌ನ ತೋಡಿನ ಅಗಲವನ್ನು ಅಳೆದರೆ ಅಮೆರಿಕದವರು ಕಡ್ಡಿಯ ದಪ್ಪವನ್ನು ಅಳೆಯುತ್ತಾರೆ. ಇಂಗ್ಲೆಂಡಿನ 3/8 ಇಂಚು ಅಮೆರಿಕದ 1/2 ಇಂಚು ಆಗುವುದುಂಟು. ಹಿಡಿಗೆ ಬೇಕಾದದ್ದು ಕಡ್ಡಿಯ ದಪ್ಪ. ಇಷ್ಟೆಲ್ಲ ಬೇಡವೆನಿಸಿದರೆ ಹಿಡಿಯಿಲ್ಲದ ಉಳಿ ತಂದು, ಜಾಲಿ ಮರದಲ್ಲಿ ಹಿಡಿಯನ್ನು ನಿನ್ನ ಲೇತಿನಲ್ಲೇ ಕಡೆ. ಬಾಯಿ ಸೀಳದಂತೆ ಹಿತ್ತಾಳೆ ಕೊಳವೆಯ ತುಂಡನ್ನು ಬಳೆಯಾಗಿ ತೊಡಿಸು.

ಇನ್ನು ಚಕ್ಕು. ಬುಗುರಿ, ಗಿಲಕಿಯಂಥ ಸಣ್ಣ ಕೆಲಸಕ್ಕೆ ದುಬಾರಿ ನಾಲ್ಕು ದವಡೆಯ ಚಕ್ಕು ಬೇಕಿಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರದ ತುಂಡನ್ನು ಟೊಳ್ಳು ಚಕ್ಕಿಗೆ ಹೊಡೆದು ಕೂರಿಸಿ, ಹೊರಗುಳಿದ ತುದಿಯನ್ನು ಕಡೆಯುತ್ತಾರೆ. ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚುವುದೂ ಮರ ಅಲ್ಲೇ ತಿರುಗುತ್ತಿರುವಾಗ. ನಾಲ್ಕು ದವಡೆಯದನ್ನು ಬಟ್ಟಲಿಗೆಂದು ಕೊಂಡರೆ ಸ್ಪಿಂಡಲ್ಲಿನ ಮರೆ (ಥ್ರೆಡ್) ನೋಡಿಕೋ: ಒಂದಿಂಚು (ಇಂಚಿಗೆ 8 ಸುತ್ತು), ಎಂ33, ಚಿಕ್ಕವಕ್ಕೆ 3/4 ಇಂಚು 16 ಸುತ್ತು, ಹೀಗೆ ಹಲವಿವೆ. ಮರೆಯ ಭಾಗವನ್ನಷ್ಟೇ ಬದಲಿಸಬಹುದಾದ ಚಕ್ಕು ಕೊಂಡರೆ ನಾಳೆ ದೊಡ್ಡ ಲೇತ್ ಬಂದಾಗಲೂ ಅದೇ ನಡೆಯುತ್ತದೆ.

ಕಬ್ಬಿಣ ಕಡೆಯುವ ಲೇತಿನ ಹಳೆಯ ಮೂರು ದವಡೆಯ ಚಕ್ಕು ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದು ಬೇಡ. ಹೊರಚಾಚಿದ ದವಡೆಗಳು ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ನಿನ್ನ ಬೆರಳು ಅಲ್ಲಿಂದ ದೂರವೂ ಇರುವುದಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ