ಬಾಂಬು ಸುರಿದರೆ ಸಂಧಿಯಾಗುತ್ತದೆಯೇ?

ಪ್ರಶ್ನೆ: 1972ರ ಡಿಸೆಂಬರಿನಲ್ಲಿ ಅಮೆರಿಕ ಉತ್ತರ ವಿಯೆಟ್ನಾಂ ರಾಜಧಾನಿ ಹನೋಯ್ ಮೇಲೆ ಬಾಂಬಿನ ಮಳೆ ಸುರಿಸಿತು. ತಿಂಗಳೊಳಗೆ ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 1965ರಲ್ಲೇ ಹೀಗೆ ಮಾಡಿದ್ದರೆ ವಿಯೆಟ್ನಾಂ ಯುದ್ಧ ಆಗಲೇ ಮುಗಿಯುತ್ತಿತ್ತು ಎನ್ನುತ್ತಾರಲ್ಲ, ನಿಜವೇ?
– ನಿವೃತ್ತ ಶಿಕ್ಷಕರೊಬ್ಬರು, ಹಾಸನ

ಉತ್ತರ: ದಿನಾಂಕಗಳನ್ನಷ್ಟೇ ನೋಡಿದರೆ ಹಾಗನ್ನಿಸುವುದು ಸಹಜ, ಮೇಷ್ಟ್ರೇ. ಆದರೆ 1972ರ ಅಕ್ಟೋಬರಿನ ಕರಡನ್ನೂ 1973ರ ಜನವರಿ 27ರ ಒಪ್ಪಂದವನ್ನೂ ಪಕ್ಕಪಕ್ಕ ಇಟ್ಟು ಓದಿ. ಕದನವಿರಾಮ, ಅಮೆರಿಕದ ಸೇನೆಯ ವಾಪಸಾತಿ, ಯುದ್ಧಕೈದಿಗಳ ಬಿಡುಗಡೆ, ಸೈಗಾನ್‌ನಲ್ಲಿ ದಕ್ಷಿಣ ವಿಯೆಟ್ನಾಂ ಅಧ್ಯಕ್ಷ ತಿಯು ಅವರ ಸರ್ಕಾರ ಸದ್ಯಕ್ಕೆ ಉಳಿಯುವುದು: ಇಷ್ಟನ್ನೂ ಹನೋಯ್ ಪರವಾಗಿ ಲೆ ಡಕ್ ಥೊ ಅಕ್ಟೋಬರಿನಲ್ಲೇ ಒಪ್ಪಿದ್ದರು. ಒಲ್ಲೆ ಎಂದವರು ಅಮೆರಿಕದ ಮಿತ್ರರಾದ ತಿಯು. ದಕ್ಷಿಣದೊಳಗೆ ಬೀಡುಬಿಟ್ಟಿದ್ದ ಉತ್ತರದ ಸೈನಿಕರು ಹಿಂದಿರುಗಬೇಕು ಎಂಬುದು ಅವರ ದೊಡ್ಡ ತಕರಾರು. ಅವರಿಗಾಗಿ ಅಮೆರಿಕದ ಸಂಧಾನಕಾರ ಕಿಸಿಂಜರ್ ತಿದ್ದುಪಡಿಗಳ ಪಟ್ಟಿ ಹಿಡಿದು ಹೋದಮೇಲೆ ಮಾತುಕತೆ ಮುರಿದುಬಿತ್ತು.

ಡಿಸೆಂಬರ್ 18ರಿಂದ 29ರವರೆಗೆ, ಕ್ರಿಸ್‌ಮಸ್ ದಿನವೊಂದನ್ನು ಬಿಟ್ಟು, ಬಿ-52 ವಿಮಾನಗಳು ಹನೋಯ್ ಮತ್ತು ಹೈಫಾಂಗ್ ಮೇಲೆ ಎರಗಿದವು. ಅವುಗಳಲ್ಲಿ 15 ನಾಶವಾದವು. ಬಾಖ್ ಮಾಯ್ ಆಸ್ಪತ್ರೆಗೆ ಬಾಂಬು ಬಿತ್ತು, ಖಾಮ್ ಥಿಯೆನ್ ಬೀದಿಯ ಮನೆಗಳು ನೆಲಸಮವಾದವು. ವಿಯೆಟ್ನಾಂ ಕೊಟ್ಟ ಲೆಕ್ಕದಲ್ಲೇ 1,600ಕ್ಕೂ ಹೆಚ್ಚು ನಾಗರಿಕರು ಸತ್ತರು. ಇಷ್ಟಾದರೂ ಉತ್ತರದ ಸೈನಿಕರು ಇದ್ದಲ್ಲೇ ಉಳಿದರು. ಹನೋಯ್ ಮತ್ತೆ ಮೇಜಿಗೆ ಬಂದದ್ದು ನಿಜ. ಬಂದು ಸಹಿ ಹಾಕಿದ್ದು ತಾನು ಮೊದಲೇ ಒಪ್ಪಿದ್ದ ಷರತ್ತುಗಳಿಗೆ. ಆ ಬಾಂಬುಗಳು ಹೆಚ್ಚು ಮನವೊಲಿಸಿದ್ದು ಸೈಗಾನನ್ನು, 'ಅಗತ್ಯ ಬಿದ್ದರೆ ಅಮೆರಿಕ ಮತ್ತೆ ಬರುತ್ತದೆ' ಎಂಬ ಭರವಸೆ ಕೊಟ್ಟು ಎಂದೇ ನನ್ನ ಅಭಿಪ್ರಾಯ. ಆ ಭರವಸೆಯೂ ಉಳಿಯಲಿಲ್ಲ. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು.

ಇನ್ನು 1965ರ ಮಾತು. ಆ ಮಾರ್ಚಿನಿಂದ 1968ರ ನವೆಂಬರ್‌ವರೆಗೂ ಅಮೆರಿಕ ಉತ್ತರದ ಮೇಲೆ ಬಾಂಬು ಹಾಕಿತು, ಹನೋಯ್ ಮಣಿಯಲಿಲ್ಲ. ಅಲ್ಲಿ ಒಡೆಯಲು ದೊಡ್ಡ ಕಾರ್ಖಾನೆಗಳೇ ಕಡಿಮೆ, ಶಸ್ತ್ರಾಸ್ತ್ರ ಬರುತ್ತಿದ್ದುದು ಸೋವಿಯತ್ ಒಕ್ಕೂಟ ಮತ್ತು ಚೀನಾದಿಂದ. ದಕ್ಷಿಣದಲ್ಲಿ ಬಹುಪಾಲು ನಡೆಯುತ್ತಿದ್ದುದು ಗೆರಿಲ್ಲಾ ಕಾಳಗ, ಅದಕ್ಕೆ ಬೇಕಾದ ಸರಕು ಅತ್ಯಲ್ಪ. 1972ರ ವಸಂತದಲ್ಲಿ ಉತ್ತರದ ಸೇನೆ ಟ್ಯಾಂಕು, ಭಾರಿ ಫಿರಂಗಿಗಳೊಂದಿಗೆ ನುಗ್ಗಿದಾಗ ಚಿತ್ರ ಬದಲಾಯಿತು. ಟ್ಯಾಂಕಿಗೆ ಇಂಧನ ಬೇಕು, ಇಂಧನಕ್ಕೆ ಬಂದರು, ಸೇತುವೆ ಬೇಕು. ವರ್ಷಗಟ್ಟಲೆ ದಾಳಿ ತಡೆದುಕೊಂಡಿದ್ದ ಥಾನ್ ಹೋವಾ ಸೇತುವೆಯನ್ನು ಆ ಮೇ ತಿಂಗಳಲ್ಲಿ ಲೇಸರ್ ಬಾಂಬುಗಳು ಕೆಡವಿದವು, ಹೈಫಾಂಗ್ ಬಂದರಿಗೆ ಕಡಲ ಮೈನುಗಳ ದಿಗ್ಬಂಧನ ಬಿತ್ತು. ಅದೇ ಹೊತ್ತಿಗೆ ಆನ್ ಲೋಕ್, ಕೊಂತುಮ್‌ಗಳಲ್ಲಿ ದಕ್ಷಿಣದ ಕಾಲಾಳುಗಳು ನೆಲ ಬಿಡದೆ ನಿಂತಿದ್ದರು. ಅವರು ಓಡಿಹೋಗಿದ್ದರೆ ಆ ಬಾಂಬುಗಳಿಗೆ ಯಾವ ಫಲವೂ ಇರುತ್ತಿರಲಿಲ್ಲ.

ಪ್ರಶ್ನೆ: ಹಾಗಾದರೆ 1999ರ ಕೊಸೊವೊ? ನ್ಯಾಟೊದ ಒಬ್ಬ ಸೈನಿಕನೂ ನೆಲಕ್ಕಿಳಿದು ಕಾದಾಡದೆ ಯುಗೊಸ್ಲಾವಿಯಾದ ಅಧ್ಯಕ್ಷ ಮಿಲೊಸೆವಿಚ್ ಬಗ್ಗಿದನಲ್ಲ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ವಾಯುದಾಳಿಯ ಪರವಾಗಿ ಇರುವ ಅತ್ಯಂತ ಗಟ್ಟಿ ಉದಾಹರಣೆಯನ್ನೇ ಹಿಡಿದಿದ್ದೀರಿ. 78 ದಿನಗಳ ದಾಳಿ ಇಲ್ಲದಿದ್ದರೆ ಅವನು ಕೊಸೊವೊ ಬಿಡುತ್ತಿರಲಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಕೈಬಿಟ್ಟ ರಷ್ಯಾ, ಕೇಳಿಬರುತ್ತಿದ್ದ ಭೂದಾಳಿಯ ಮಾತು, ಗಡಿಯಲ್ಲಿ ಕಾದಾಡುತ್ತಿದ್ದ ಕೊಸೊವೊ ವಿಮೋಚನಾ ಸೇನೆ ಇವೂ ಅವನನ್ನು ಒತ್ತುತ್ತಿದ್ದವು. ಷರತ್ತೂ ಸಡಿಲವಾಯಿತು: ಇಡೀ ಯುಗೊಸ್ಲಾವಿಯಾದಲ್ಲಿ ನ್ಯಾಟೊ ಓಡಾಡಬಹುದೆಂಬ, ದಾಳಿಗೆ ಮುಂಚಿನ ರಾಂಬುಯೆ ಮಾತುಕತೆಯ ಬೇಡಿಕೆ ಜೂನಿನಲ್ಲಿ ಇರಲಿಲ್ಲ, ಆಡಳಿತ ವಿಶ್ವಸಂಸ್ಥೆಯ ಹೆಸರಿಗೆ ಹೋಯಿತು.

ಜೊತೆಗೆ ಇನ್ನೊಂದು ಸಂಗತಿ ನನ್ನನ್ನು ಬಾಧಿಸುತ್ತದೆ. ವಿಮಾನಗಳು ಎತ್ತರದಲ್ಲಿ ಹಾರುತ್ತಿದ್ದ ಆ ವಾರಗಳಲ್ಲೇ ಕೆಳಗೆ ಸರ್ಬಿಯಾದ ಪಡೆಗಳು ಸುಮಾರು ಎಂಟು ಲಕ್ಷ ಅಲ್ಬೇನಿಯನ್ನರನ್ನು ಮನೆಗಳಿಂದ ಗಡಿಯಾಚೆಗೆ ಅಟ್ಟಿದವು. ಅದನ್ನು ಆಕಾಶದಿಂದ ತಡೆಯಲಾಗಲಿಲ್ಲ. ಒಪ್ಪಂದವಾದ ಮೇಲೆ ಅವರಲ್ಲಿ ಬಹುತೇಕರು ಮರಳಿದರು, ನಿಜ; ಆದರೆ ಆ ನಡುವೆ ಕೊಲೆಯಾದವರನ್ನು ಲೆಕ್ಕಕ್ಕೆ ಹಿಡಿಯದೆ ಕೊಸೊವೊವನ್ನು ಬಾಂಬಿನ ಗೆಲುವು ಎನ್ನುವವರ ಮಾತನ್ನು ನಾನು ಒಪ್ಪಲಾರೆ.